ಹಕಾರ

ಆಗಸ್ಟ್ ಕೊನೆಯ ರಾತ್ರಿ, ಇಸ್ತಾಂಬುಲ್,
ಕದಿಕೊಯ್‌ನ ನಮ್ಮ ಮೂರನೇ ಮಹಡಿ.
ಅಡುಗೆಮನೆ ಮೇಜಿನ ಮೇಲೆ ಚೌಕುಳಿ ಹಾಳೆ,
ಸ್ಕೇಲು, ಎರಡು ಲೋಟ ಚಹಾ.

ಬೆಳಿಗ್ಗೆ ಏಳರಿಂದ ಸಂಜೆ ಏಳು,
ಐದು ವರ್ಷ ಒಂದೇ ಗೆರೆಯಲ್ಲಿ ನಡೆದ ದಿನ.
ಈಗ ಅದರ ನಡು ಬಿದ್ದುಹೋಗಿದೆ,
ಮಗಳ ಮುಂದಿನ ಹಲ್ಲಿನ ಹಾಗೆ.
ಒಂಬತ್ತರಿಂದ ಎರಡೂವರೆ ಶಾಲೆ.
ಐದೂವರೆ ಗಂಟೆ. ವಾರಕ್ಕೆ ಇಪ್ಪತ್ತೇಳೂವರೆ.
ನಾನು ಬ್ಯಾಂಕಿನವಳು, ಲೆಕ್ಕ ತಾನೇ ಬರುತ್ತದೆ,
ನಾಚಿಕೆ ಆಮೇಲೆ.

ವರ್ವಾರಾ ಎದುರಿಗೆ, ಚೀಲ ಮಡಿಲಲ್ಲಿಟ್ಟು,
ಬಸ್ಸಿಗೆ ಕಾಯುವವಳ ಹಾಗೆ.
ಮೊಲ್ದೋವಾದ ಗಗಾವುಜ್ ಸೀಮೆಯವಳು.
ಅವಳ ಮಾತು ನಮ್ಮ ಮಾತಿನ ಚಿಕ್ಕಮ್ಮನ ಮಗಳು,
ಮುಖ ಕಂಡರೆ ಗುರುತು ಸಿಗುತ್ತದೆ,
ಹಕಾರ ಮಾತ್ರ ಇಲ್ಲ.
ಹವಾ ಅವಳಿಗೆ ಅವಾ.
ನನ್ನ ಹಿಲಾಲ್, ಬಿದಿಗೆಯ ಚಂದ್ರ,
ಅವಳಿಗೆ ಇಲಾಲ್.

"ಇಸ್ತ್ರಿ?" ಎಂದೆ, ಚಹಾದೊಳಗೆ ನೋಡುತ್ತ.
"ಮಾಡ್ತೀನಿ."
"ರಾತ್ರಿಯ ಅಡುಗೆ?"
"ಮಾಡ್ತೀನಿ. ಮೀನು ಬೇಡ."
"ಕಿಟಕಿ?"
ಲೋಟ ಕೆಳಗಿಟ್ಟಳು.
"ಕಿಟಕಿ ಒರೆಸಲು ಅತ್ತಿ ಬಿದ್ದವಳು ನಮ್ಮೂರಿನವಳೇ.
ಕಿಟಕಿ ಇಲ್ಲ."

ಪೆನ್ನು ನನ್ನ ಕೈಯಿಂದ ತೆಗೆದುಕೊಂಡಳು.
ಬುಧವಾರದ ಮೇಲೆ ಉದ್ದಕ್ಕೆ ಒಂದು ಗೆರೆ,
ಸ್ಕೇಲಿಲ್ಲದೆ.
"ಕೊಮ್ರಾತಿನ ಮಿನಿಬಸ್ಸು ಒರಡೋದು ಆ ದಿನ,
ಗಂಟು ಕಟ್ಟಬೇಕು, ಮತ್ತೆ..."
ಸ್ವಲ್ಪ ತಡೆದಳು.
"ಮತ್ತೆ ಏನೂ ಇಲ್ಲ. ನನಗೊಂದು ದಿನ ಬೇಕು."
ಮಗುವನ್ನು ಕರೆತರುವುದು ಯಾರು?
"ನೀವು."

ಸಂಬಳದ ಮಾತು ನಾನೆತ್ತುವವಳಿದ್ದೆ.
ಇಳಿಸಿದ ಅಂಕಿ, ಮಡಿಚಿದ ಚೀಟಿ,
ಅಂಗೈಯಲ್ಲೇ ಒದ್ದೆಯಾಗಿತ್ತು.
"ಅದೇ ಸಂಬಳ," ಎಂದಳು.
"ಮಗು ಶಾಲೆಗೆ ಓದರೂ ಜ್ವರ ಬರುತ್ತೆ.
ಆಗ ಫೋನು ನನಗೇ ಬರುತ್ತೆ,
ನಿಮ್ಮ ಬ್ಯಾಂಕಿಗಲ್ಲ."
ಹೋಗುವುದೂ ಓದುವುದೂ ಅವಳ ಬಾಯಲ್ಲಿ ಒಂದೇ.
ಹೂಂ ಎಂದೆ.
ಹೂಂ ಅನ್ನಲೂ ಒಂದು ಹಕಾರ ಬೇಕು,
ಅದಾದರೂ ನನ್ನ ಹತ್ತಿರ ಇತ್ತು.

ಶಾಲೆ ಶುರುವಾದ ಎರಡನೇ ವಾರ ಟೀಚರ ಚೀಟಿ:
ಹಾಜರಿ ಕರೆದರೆ ಮಗು ಓಗೊಡುವುದಿಲ್ಲ,
ಕಿವಿ ಒಮ್ಮೆ ತೋರಿಸಿ.
ಡಾಕ್ಟರು ಸಣ್ಣ ದೀಪ ಹಿಡಿದು ಇಣುಕಿದರು,
ಕಿವಿ ಬೆಳ್ಳಿಗಂಟೆ ಎಂದರು.
ತಿರುಗಿ ಬರುವಾಗ, ಹಡಗಿನ ಕಟಕಟೆಗೆ ಒರಗಿ,
ನನಗೆ ಹೊಳೆಯಿತು:
ದಿನಕ್ಕೆ ಹನ್ನೆರಡು ಗಂಟೆ ಒಂದು ಹೆಸರು,
ಮಲಗುವ ಮುಂಚೆ ಅರ್ಧ ಗಂಟೆ ಇನ್ನೊಂದು.
ಈ ಲೆಕ್ಕವೂ ತಾನೇ ಬಂತು.

ವರ್ವಾರಾಗೆ ಹೇಳಿದೆ. ನಗಲಿಲ್ಲ.
ಮರುದಿನದಿಂದ, ಯಾರೂ ಇಲ್ಲದ ಐದೂವರೆ ಗಂಟೆ,
ಇಸ್ತ್ರಿಪೆಟ್ಟಿಗೆಯ ಹಬೆಯ ಹಿಂದೆ ನಿಂತು
ಹಾ, ಹಿ, ಹೂ.
ಬಿಟ್ಟಲ್ಲಿ ತುಂಬಲು ಹೋಗಿ
ಬೇಡದಲ್ಲೂ ತುಂಬಿದಳು:
"ಹಿಸ್ತ್ರಿ ಮುಗೀತು. ಹಂಗಿ ಬೀರುವಿನಲ್ಲಿದೆ."
ನನಗೆ ಹಂಗು ಎಂದು ಕೇಳಿಸಿತು.
ಮಗಳು ನೆಲದ ಮೇಲೆ ಹೊರಳಿ ಹೊರಳಿ ನಕ್ಕಳು,
ಆಮೇಲೆ ಎದ್ದು, ಬೆರಳೆತ್ತಿ,
ಒಂದೊಂದೇ ಮಾತು ತಿದ್ದಿಸಿದಳು.
ಅದು ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಅಕ್ಟೋಬರಿನ ಮೊದಲ ಬುಧವಾರ.
ಅರ್ಧ ದಿನ ರಜೆ ಬರೆದು, ಹಡಗು ಹಿಡಿದು,
ಏರು ಹತ್ತಿ, ಗೇಟಿನಲ್ಲಿ ಏದುತ್ತ ನಾನು.
ಸುತ್ತ ಅಜ್ಜಿಯರು, ಒಬ್ಬರಿಗೊಬ್ಬರು ಪರಿಚಿತರು,
ಇವಳ್ಯಾರು ಎಂಬ ನೋಟ.
ಗಂಟೆ ಬಾರಿಸಿತು. ನೀಲಿ ಸಮವಸ್ತ್ರದ ನೂರು ಮಕ್ಕಳು
ಚೆಲ್ಲಿದ ಹುರಿಗಡಲೆಯಂತೆ ಹೊರಗೆ.
ಯಾವ ಹೆಸರು ಕೂಗಲಿ?
ಗಂಟಲು ಸರಿಮಾಡಿಕೊಂಡೆ,
ಓಗೊಡುವ ಹೆಸರೇ ಇರಲಿ ಎಂದು,
"ಇಲಾಲ್!"

ತಿರುಗಿದಳು.
ಮೊದಲು ನನ್ನ ಬೆನ್ನ ಹಿಂದೆ ನೋಡಿದಳು,
ಆಮೇಲೆ ನನ್ನ.
ಚೀಲ ನನ್ನ ಕೈಗೆ ತುರುಕಿ,
"ಅಮ್ಮಾ," ಎಂದಳು, ಬಹಳ ತಾಳ್ಮೆಯಿಂದ,
"ಹ ಬಿಟ್ಟೆ."